ಕಾರಿನ ಪರದೆಗೆ ಮೊಬೈಲ್ ಜೋಡಿಸುವ ಬಗೆ: ಗಾಡಿ ಹೊರಡುವ ಮುನ್ನ ಮುಗಿಸಬೇಕಾದ ಕೆಲಸಗಳು

ಮೊಬೈಲನ್ನು ಕೈಗೆತ್ತಿಕೊಳ್ಳದೆ ಕರೆಗೆ ಉತ್ತರಿಸಲು, ದಾರಿ ತಿಳಿಯಲು, ಹಾಡು ಬದಲಿಸಲು ಬೇಕಾದ ಸಲಕರಣೆ ಈಗ ಮಾರಾಟವಾಗುವ ಬಹುಪಾಲು ಕಾರುಗಳಲ್ಲಿ ಇದ್ದೇ ಇರುತ್ತದೆ. ಆದರೂ ಹೊಸ ಕಾರು ಕೊಂಡವರಲ್ಲಿ ಅನೇಕರು, ಡೆಲಿವರಿ ದಿನ ಷೋರೂಮಿನವರು ಅವಸರದಲ್ಲಿ ಜೋಡಿಸಿಕೊಟ್ಟಷ್ಟಕ್ಕೇ ನಿಂತುಬಿಡುತ್ತಾರೆ. ಹಾಡು ಕೇಳಿಸುತ್ತದೆ, ಕರೆ ಬಂದಾಗ ಮಾತ್ರ ಕೈ ಮತ್ತೆ ಮೊಬೈಲನ್ನೇ ತಡಕುತ್ತದೆ. ಜೋಡಿಸುವುದು ಕೆಲವೇ ನಿಮಿಷಗಳ ಕೆಲಸ. ಗಾಡಿ ಹೊರಟ ಮೇಲೆ ಮೊಬೈಲ್ ಮುಟ್ಟುವ ಪ್ರಸಂಗವೇ ಬಾರದ ಹಾಗೆ ಆ ಜೋಡಣೆಯನ್ನು ಹದಕ್ಕೆ ತರಲು ಇನ್ನೂ ಅರ್ಧ ಗಂಟೆ ಬೇಕು. ಈ ಬರಹ ಹೆಚ್ಚು ಗಮನ ಕೊಡುವುದು ಆ ಅರ್ಧ ಗಂಟೆಗೆ.

ಇದರಲ್ಲಿ ಕಾನೂನಿನ ಪ್ರಶ್ನೆಯೂ ಇದೆ. ಮೋಟಾರು ವಾಹನ ಕಾಯ್ದೆಯ 184ನೇ ಕಲಮು, 2019ರ ತಿದ್ದುಪಡಿಯ ನಂತರ, ವಾಹನ ಓಡಿಸುತ್ತಾ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನ ಬಳಸುವುದನ್ನು ಅಪಾಯಕಾರಿ ಚಾಲನೆಯ ಸಾಲಿಗೆ ಸೇರಿಸಿದೆ. ಮೊದಲ ತಪ್ಪಿಗೆ ಕಾಯ್ದೆ ಹೇಳುವ ದಂಡ 1,000ದಿಂದ 5,000 ರೂಪಾಯಿ. ಜೈಲು ಶಿಕ್ಷೆಗೂ ಅವಕಾಶವಿದೆ. ದಾರಿ ನೋಡುವುದಕ್ಕೆ ಮಾತ್ರ, ಅದೂ ಚಾಲಕನ ಗಮನ ಕದಡದ ರೀತಿಯಲ್ಲಿ ಸಾಧನ ಬಳಸಬಹುದೆಂದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮಗಳು ಹೇಳುತ್ತವೆ. ತೊಡೆಯ ಮೇಲೆ ಮೊಬೈಲ್ ಇಟ್ಟುಕೊಂಡು ಸ್ಪೀಕರ್ ಹಾಕಿ ಮಾತನಾಡುವುದು ಈ ವಿನಾಯಿತಿಯೊಳಗೆ ಬರುವುದಿಲ್ಲ.

ಮೊದಲು ಬ್ಲೂಟೂತ್

ಕಾರು ಮತ್ತು ಮೊಬೈಲ್ ಪರಸ್ಪರ ಮಾತನಾಡಿಕೊಳ್ಳಲು ಮೂರು ದಾರಿಗಳಿವೆ. ಮೊದಲನೆಯದು ಬರೀ ಬ್ಲೂಟೂತ್. ಇದರಲ್ಲಿ ಕರೆ ಮತ್ತು ಹಾಡು ಮಾತ್ರ ಕಾರಿಗೆ ಹೋಗುತ್ತವೆ. ಎರಡನೆಯದು ಕೇಬಲ್ ಮೂಲಕ ಆಂಡ್ರಾಯ್ಡ್ ಆಟೋ (ಆಂಡ್ರಾಯ್ಡ್ ಮೊಬೈಲಿಗೆ) ಅಥವಾ ಆ್ಯಪಲ್ ಕಾರ್‌ಪ್ಲೇ (ಐಫೋನಿಗೆ). ಇದರಲ್ಲಿ ನಕ್ಷೆ, ಸಂದೇಶ, ಕರೆ ಎಲ್ಲವೂ ಕಾರಿನ ಪರದೆಯ ಮೇಲೆ ದೊಡ್ಡ ಗುಂಡಿಗಳಾಗಿ ಮೂಡುತ್ತವೆ. ಮೂರನೆಯದು ಇದೇ ಸೌಲಭ್ಯ, ಕೇಬಲ್ ಇಲ್ಲದೆ. ಯಾವುದನ್ನು ಬಳಸುವುದಾದರೂ ಬ್ಲೂಟೂತ್ ಜೋಡಣೆಯಿಂದ ಆರಂಭಿಸುವುದು ಲೇಸು, ಏಕೆಂದರೆ ಉಳಿದೆರಡೂ ಬಹುಮಟ್ಟಿಗೆ ಇದರ ಮೇಲೆಯೇ ನಿಂತಿವೆ.

ಕಾರನ್ನು ಬಯಲಿನಲ್ಲಿ, ಇಲ್ಲವೇ ಗಾಳಿಯಾಡುವ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಗಾಡಿ ಚಲಿಸುತ್ತಿರುವಾಗ ಹೊಸ ಮೊಬೈಲ್ ಸೇರಿಸಲು ಅನೇಕ ಕಾರುಗಳು ಬಿಡುವುದೇ ಇಲ್ಲ. ಅದು ಸರಿಯಾದ ಕ್ರಮವೂ ಹೌದು. ಇಗ್ನಿಷನ್ ಆನ್ ಮಾಡಿದರೆ ಪರದೆ ಬೆಳಗುತ್ತದೆ. ಬೇಸ್‌ಮೆಂಟ್ ಪಾರ್ಕಿಂಗ್ ಅಥವಾ ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡುವಂತೆ ಬಿಟ್ಟು ಈ ಕೆಲಸಕ್ಕೆ ಕೂರಬೇಡಿ, ಹೊಗೆ ತುಂಬಿಕೊಳ್ಳುತ್ತದೆ. ಎಂಜಿನ್ ಆರಿಸಿ ಬಹಳ ಹೊತ್ತು ಪರದೆ ಉರಿಸಿದರೆ ಬ್ಯಾಟರಿ ಇಳಿಯುತ್ತದೆ ಎಂಬುದೂ ನೆನಪಿರಲಿ.

ಕಾರಿನ ಪರದೆಯಲ್ಲಿ ಫೋನ್ ಅಥವಾ ಸೆಟ್ಟಿಂಗ್ಸ್ ವಿಭಾಗಕ್ಕೆ ಹೋಗಿ ಹೊಸ ಸಾಧನ ಸೇರಿಸುವ ಆಯ್ಕೆಯನ್ನು ಒತ್ತಿ. ಮೊಬೈಲಿನಲ್ಲಿ ಬ್ಲೂಟೂತ್ ಪುಟವನ್ನು ತೆರೆದಿಟ್ಟುಕೊಳ್ಳಿ. ಆ ಪುಟ ತೆರೆದಿರುವಾಗ ಮಾತ್ರ ಮೊಬೈಲ್ ಸುತ್ತಲಿನ ಹೊಸ ಸಾಧನಗಳಿಗೆ ಕಾಣಿಸುತ್ತದೆ. ಪಟ್ಟಿಯಲ್ಲಿ ಕಾರಿನ ಹೆಸರು ಬಂದಾಗ ಒತ್ತಿದರೆ ಎರಡೂ ಪರದೆಗಳ ಮೇಲೆ ಆರು ಅಂಕಿಗಳ ಒಂದೇ ಸಂಖ್ಯೆ ಕಾಣಿಸಬೇಕು. ಎರಡನ್ನೂ ಹೋಲಿಸಿ ನೋಡಿಯೇ ಒಪ್ಪಿಗೆ ಕೊಡಿ. ಅಪಾರ್ಟ್‌ಮೆಂಟಿನ ಪಾರ್ಕಿಂಗ್‌ನಲ್ಲಿ ಪಕ್ಕದ ಕಾರಿನವರೂ ಅದೇ ಹೊತ್ತಿಗೆ ಇದೇ ಕೆಲಸದಲ್ಲಿದ್ದರೆ ತಪ್ಪು ಗಾಡಿಗೆ ಜೋಡಣೆಯಾಗದಂತೆ ಕಾಯುವುದು ಈ ಸಂಖ್ಯೆಯೇ. ಹಳೆಯ ಸ್ಟೀರಿಯೋಗಳು ಸಂಖ್ಯೆ ತೋರಿಸುವ ಬದಲು ಪಿನ್ ಕೇಳುತ್ತವೆ. ಸಾಮಾನ್ಯವಾಗಿ ಅದು 0000 ಅಥವಾ 1234 ಆಗಿರುತ್ತದೆ.

ಇದಾದ ಕೂಡಲೇ ಮೊಬೈಲು ಸಂಪರ್ಕಪಟ್ಟಿಯನ್ನೂ ಕರೆಗಳ ದಾಖಲೆಯನ್ನೂ ಕಾರಿಗೆ ಕೊಡಲೇ ಎಂದು ಕೇಳುತ್ತದೆ. ಬಹಳ ಜನ ಏನೋ ಅನುಮಾನದಿಂದ ಬೇಡವೆಂದು ಒತ್ತಿ, ಆಮೇಲೆ ಪರದೆಯ ಮೇಲೆ ಹೆಸರಿನ ಬದಲು ಬರೀ ನಂಬರು ಬರುತ್ತದೆಂದು ಬೇಸರಪಡುತ್ತಾರೆ. ಕಾರು ನಿಮ್ಮದೇ ಆಗಿದ್ದರೆ ಕೊಡಿ. ಬಾಡಿಗೆಯದ್ದೋ ಆಫೀಸಿನದ್ದೋ ಆಗಿದ್ದರೆ ಕೊಡಬೇಡಿ. ಮನಸ್ಸು ಬದಲಾದರೆ ಆಂಡ್ರಾಯ್ಡ್ ಮೊಬೈಲಿನ ಬ್ಲೂಟೂತ್ ಪಟ್ಟಿಯಲ್ಲಿ ಕಾರಿನ ಹೆಸರಿನ ಪಕ್ಕದ ಚಕ್ರದ ಗುರುತನ್ನು, ಐಫೋನಿನಲ್ಲಿ ವೃತ್ತದೊಳಗಿನ ಐ ಗುರುತನ್ನು ಒತ್ತಿ ಸರಿಪಡಿಸಬಹುದು. ಆಂಡ್ರಾಯ್ಡ್‌ನ ಅದೇ ಪುಟದಲ್ಲಿ ಕರೆಗೆ ಒಂದು, ಹಾಡಿಗೆ ಒಂದು, ಸಂಪರ್ಕಪಟ್ಟಿಗೆ ಒಂದು ಎಂದು ಬೇರೆಬೇರೆ ಸ್ವಿಚ್ಚುಗಳಿರುತ್ತವೆ. ಬ್ಲೂಟೂತ್‌ನಲ್ಲಿ ಕರೆ, ಸಂಗೀತ, ಫೋನ್‌ಬುಕ್ ಇವು ಬೇರೆಬೇರೆ ವ್ಯವಸ್ಥೆಗಳ ಮೂಲಕ ಸಾಗುವುದರಿಂದ, ಒಂದು ಕೆಲಸ ಮಾಡುತ್ತಾ ಇನ್ನೊಂದು ಸುಮ್ಮನಿರುವುದು ಸಾಧ್ಯ. ಹಾಡು ಬರುತ್ತದೆ, ಕರೆ ಮಾತ್ರ ಬರುವುದಿಲ್ಲ ಎನ್ನುವವರು ಮೊದಲು ನೋಡಬೇಕಾದದ್ದು ಈ ಸ್ವಿಚ್ಚುಗಳನ್ನು.

ಕೇಬಲ್ ಮತ್ತು ವೈರ್‌ಲೆಸ್

ಕಾರಿನಲ್ಲಿ ಎರಡು ಮೂರು ಯುಎಸ್‌ಬಿ ಕಿಂಡಿಗಳಿದ್ದರೆ ಎಲ್ಲವೂ ಒಂದೇ ಬಗೆಯವಲ್ಲ. ಮಿಂಚಿನ ಗುರುತಿರುವುದು ಸಾಮಾನ್ಯವಾಗಿ ಚಾರ್ಜಿಂಗ್‌ಗೆ ಮಾತ್ರ; ಪರದೆಗೆ ಮಾಹಿತಿ ಸಾಗಿಸುವ ಕಿಂಡಿಯ ಬಳಿ ಮೊಬೈಲಿನ ಚಿತ್ರವೋ ತ್ರಿಶೂಲದಂತಹ ಯುಎಸ್‌ಬಿ ಗುರುತೋ ಇರುತ್ತದೆ. ಕೇಬಲ್‌ಗಳಲ್ಲೂ ಇದೇ ಭೇದವಿದೆ. ಅಗ್ಗದ ಕೆಲವು ಕೇಬಲ್‌ಗಳ ಒಳಗೆ ವಿದ್ಯುತ್ತಿನ ತಂತಿ ಮಾತ್ರ ಇದ್ದು ಮಾಹಿತಿಯ ತಂತಿಯೇ ಇರುವುದಿಲ್ಲ, ಹಾಗಾಗಿ ಮೊಬೈಲ್ ಚಾರ್ಜ್ ಆಗುತ್ತಿದ್ದರೂ ಪರದೆಯ ಮೇಲೆ ಏನೂ ಬರುವುದಿಲ್ಲ. ಮೊಬೈಲ್ ಜೊತೆ ಡಬ್ಬಿಯಲ್ಲಿ ಬಂದ ಕೇಬಲ್, ಅಥವಾ ಸುಮಾರು ಒಂದು ಮೀಟರಿಗಿಂತ ಉದ್ದವಿಲ್ಲದ ಒಳ್ಳೆಯ ಡೇಟಾ ಕೇಬಲ್ ಬಳಸಿ. ನಡುವೆ ಎಕ್ಸ್‌ಟೆನ್ಷನ್ ಸೇರಿಸುವುದು ಬೇಡ.

ಆಂಡ್ರಾಯ್ಡ್ 10 ಮತ್ತು ನಂತರದ ಮೊಬೈಲುಗಳಲ್ಲಿ ಆಂಡ್ರಾಯ್ಡ್ ಆಟೋ ಒಳಗೇ ಸೇರಿಕೊಂಡಿದೆ, ಬೇರೆ ಆ್ಯಪ್ ಇಳಿಸಿಕೊಳ್ಳಬೇಕಿಲ್ಲ. ಒಂದೊಂದು ಕಂಪನಿ ಅದನ್ನು ಒಂದೊಂದು ಮೆನುವಿನೊಳಗೆ ಇಟ್ಟಿರುವುದರಿಂದ, ಸೆಟ್ಟಿಂಗ್ಸ್‌ನ ಹುಡುಕುವ ಪಟ್ಟಿಯಲ್ಲಿ ಆಂಡ್ರಾಯ್ಡ್ ಆಟೋ ಎಂದು ಬರೆದು ಕಂಡುಕೊಳ್ಳುವುದೇ ಸುಲಭ. ಮೊಬೈಲಿನ ಲಾಕ್ ತೆಗೆದು ಕೇಬಲ್ ಸಿಕ್ಕಿಸಿದರೆ ಸಂಪರ್ಕಪಟ್ಟಿ, ಸಂದೇಶ, ಸ್ಥಳ, ನೋಟಿಫಿಕೇಷನ್ ಇವುಗಳಿಗೆ ಒಂದಾದ ಮೇಲೊಂದು ಅನುಮತಿ ಕೇಳುತ್ತದೆ. ಇವನ್ನು ಓದಿ ಕೊಡಿ. ಸ್ಥಳದ ಅನುಮತಿ ಇಲ್ಲದಿದ್ದರೆ ನಕ್ಷೆ ನಡೆಯದು, ನೋಟಿಫಿಕೇಷನ್ ಅನುಮತಿ ಇಲ್ಲದಿದ್ದರೆ ಸಂದೇಶವನ್ನು ಓದಿ ಹೇಳದು. ಜೊತೆಗೆ, ಮೊಬೈಲ್ ಲಾಕ್ ಆಗಿರುವಾಗಲೂ ಆರಂಭವಾಗಲಿ ಎಂಬ ಆಯ್ಕೆಯನ್ನು ಆನ್ ಮಾಡಿಡಿ. ಇಲ್ಲವಾದರೆ ಪ್ರತಿ ಸಲವೂ ಪಿನ್ ಒತ್ತಿ ಗಾಡಿ ತೆಗೆಯಬೇಕಾಗುತ್ತದೆ.

ಐಫೋನಿನಲ್ಲಿ ಸಿರಿ, ಅಂದರೆ ಮಾತಿನಲ್ಲಿ ಹೇಳಿದ್ದನ್ನು ಮಾಡುವ ಧ್ವನಿ ಸಹಾಯಕ, ಚಾಲೂ ಇರಬೇಕು. ಅದಿಲ್ಲದೆ ಕಾರ್‌ಪ್ಲೇ ತೆರೆಯುವುದಿಲ್ಲ. ಸೆಟ್ಟಿಂಗ್ಸ್‌ನ ಜನರಲ್ ವಿಭಾಗದಲ್ಲಿ ಕಾರ್‌ಪ್ಲೇ ಪುಟವಿದೆ, ಲಾಕ್ ಇರುವಾಗಲೂ ಬಿಡುವ ಆಯ್ಕೆ ಅಲ್ಲಿ ನಿಮ್ಮ ಕಾರಿನ ಹೆಸರಿನೊಳಗೆ ಸಿಗುತ್ತದೆ.

ಇಲ್ಲಿ ಇವೆರಡರ ನಡುವಿನ ಒಂದು ವ್ಯತ್ಯಾಸವನ್ನು ತಿಳಿದಿರುವುದು ಒಳ್ಳೆಯದು. ಆಂಡ್ರಾಯ್ಡ್ ಆಟೋ ಕೇಬಲ್‌ನಲ್ಲಿ ಓಡುತ್ತಿದ್ದರೂ ಕರೆಯ ಧ್ವನಿ ಸಾಗುವುದು ಬ್ಲೂಟೂತ್‌ನಲ್ಲಿ. ಕಾರ್‌ಪ್ಲೇಯಲ್ಲಿ ಹಾಗಲ್ಲ, ಕರೆಯೂ ಅದರೊಳಗೇ ಸಾಗುತ್ತದೆ. ಆದ್ದರಿಂದ ಹೆಂಡತಿಯ ಆಂಡ್ರಾಯ್ಡ್ ಮೊಬೈಲ್ ಕೇಬಲ್‌ನಲ್ಲಿದ್ದು ನಕ್ಷೆ ತೋರಿಸುತ್ತಿರುವಾಗ, ಪಕ್ಕದಲ್ಲಿ ಕುಳಿತ ಗಂಡನ ಮೊಬೈಲ್ ಬ್ಲೂಟೂತ್ ಹಿಡಿದುಕೊಂಡಿದ್ದರೆ ಕರೆಗಳು ಗೊಂದಲಕ್ಕೆ ಬೀಳುತ್ತವೆ. ಓಡಿಸುವವರು ಯಾರೋ ಅವರ ಮೊಬೈಲಿಗೆ ಕಾರಿನ ಪಟ್ಟಿಯಲ್ಲಿ ಮೊದಲ ಆದ್ಯತೆ ಕೊಡುವುದು, ಅಥವಾ ಮತ್ತೊಬ್ಬರ ಬ್ಲೂಟೂತ್ ಆಫ್ ಮಾಡಿಡುವುದು ಇದಕ್ಕೆ ಪರಿಹಾರ.

ವೈರ್‌ಲೆಸ್ ಸೌಲಭ್ಯವಿರುವ ಕಾರಿನಲ್ಲಿ ಬ್ಲೂಟೂತ್ ಕೇವಲ ಪರಿಚಯ ಮಾಡಿಸುತ್ತದೆ. ಪರದೆಯ ಚಿತ್ರ ಹರಿಯುವುದು ಕಾರು ತಾನೇ ಎಬ್ಬಿಸುವ ವೈಫೈ ಮೇಲೆ. ಆದ್ದರಿಂದ ಮೊಬೈಲಿನ ವೈಫೈ ಆನ್ ಇರಲೇಬೇಕು. ಆಂಡ್ರಾಯ್ಡ್ ಆದರೆ 11ನೇ ಆವೃತ್ತಿ ಅಥವಾ ನಂತರದ್ದು, 5 ಗಿಗಾಹರ್ಟ್ಸ್ ವೈಫೈ ಇರುವಂಥದ್ದು ಬೇಕಾಗುತ್ತದೆ. ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೊಂದು ಸರ್ವರ್ ಮೂಲಕ ಸಾಗಿಸುವ ಆ್ಯಪ್) ಚಾಲೂ ಇದ್ದರೆ, ಬ್ಯಾಟರಿ ಉಳಿಸುವ ಮೋಡ್ ಹಾಕಿದ್ದರೆ ಸಂಪರ್ಕ ಮಧ್ಯೆ ಮಧ್ಯೆ ಕಡಿಯಬಹುದು. ಮೊಬೈಲ್ ಬೇಗ ಬಿಸಿಯಾಗುವುದೂ ಇದರ ಸ್ವಭಾವ. ಬೇಸಿಗೆಯ ಮಧ್ಯಾಹ್ನ ಕಲಬುರಗಿ ಕಡೆಗೆ ಹೋಗುವಾಗ ಡ್ಯಾಶ್‌ಬೋರ್ಡಿನ ಬಿಸಿಲಿಗೆ ಮೊಬೈಲ್ ಒಡ್ಡಿ, ವೈರ್‌ಲೆಸ್ ಚಾರ್ಜರ್ ಮೇಲೂ ಇಟ್ಟರೆ ಅದು ತಾನಾಗಿಯೇ ಕೆಲಸ ನಿಧಾನ ಮಾಡುತ್ತದೆ. ದೂರದ ಪ್ರಯಾಣಕ್ಕೆ ಕೇಬಲ್ಲೇ ಹೆಚ್ಚು ನಂಬಿಕೆಯದು ಎಂಬುದು ನನ್ನ ಖಚಿತ ಅಭಿಪ್ರಾಯ. ಊರೊಳಗಿನ ಓಡಾಟಕ್ಕೆ ವೈರ್‌ಲೆಸ್ ಅನುಕೂಲ.

ಕರೆ ಸರಾಗವಾಗಿ ಹೋಗಬೇಕಾದರೆ

ಜೋಡಣೆ ಮುಗಿದ ಮೇಲಿನ ಅರ್ಧ ಗಂಟೆ ಇಲ್ಲಿಂದ ಶುರುವಾಗುತ್ತದೆ. ನಮ್ಮಲ್ಲಿ ಎರಡು ಸಿಮ್ ಇಟ್ಟುಕೊಂಡವರೇ ಹೆಚ್ಚು. ಕರೆ ಮಾಡುವಾಗ ಯಾವ ಸಿಮ್ ಎಂದು ಪ್ರತಿ ಸಲ ಕೇಳು ಎಂಬ ಆಯ್ಕೆ ಮೊಬೈಲಿನಲ್ಲಿದ್ದರೆ, ಸ್ಟೀರಿಂಗ್ ಗುಂಡಿ ಒತ್ತಿ ಅಮ್ಮನಿಗೆ ಕರೆ ಮಾಡಲು ಹೇಳಿದಾಗ ಆ ಪ್ರಶ್ನೆ ಮೊಬೈಲಿನ ಪರದೆಯ ಮೇಲೆ ಬಂದು ಕೂರುವುದುಂಟು. ಕಾರು ಕಾಯುತ್ತಿರುತ್ತದೆ, ಕರೆ ಹೋಗುವುದಿಲ್ಲ, ಚಾಲಕನ ಕಣ್ಣು ಕೆಳಗಿಳಿಯುತ್ತದೆ. ಸಿಮ್ ಸೆಟ್ಟಿಂಗ್ಸ್‌ಗೆ ಹೋಗಿ ಕರೆಗೆ ಒಂದು ಸಿಮ್ಮನ್ನು ಕಾಯಂ ಮಾಡಿಬಿಡಿ. ಹ್ಯಾಂಡ್ಸ್ ಫ್ರೀ ಕರೆ ಕೈಕೊಡುವ ಕಾರಣಗಳಲ್ಲಿ ಇಷ್ಟು ಸಣ್ಣದೂ ಇಷ್ಟು ಸುಲಭವಾಗಿ ಸರಿಹೋಗುವಂಥದ್ದೂ ಬೇರೊಂದಿಲ್ಲ.

ಮುಂದಿನದು ಹೆಸರುಗಳು. ಸಂಪರ್ಕಪಟ್ಟಿಯಲ್ಲಿ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆದಿಟ್ಟವರಿಗೆ ಎರಡು ತೊಡಕುಗಳು ಎದುರಾಗುತ್ತವೆ. ಹಳೆಯ ಸ್ಟೀರಿಯೋಗಳ ಪರದೆಯಲ್ಲಿ ಕನ್ನಡದ ಫಾಂಟ್ ಇಲ್ಲದೆ ಹೆಸರಿನ ಜಾಗದಲ್ಲಿ ಚೌಕಗಳು ಕಾಣಿಸುತ್ತವೆ. ಧ್ವನಿ ಸಹಾಯಕದ ಭಾಷೆ ಇಂಗ್ಲಿಷ್ ಆಗಿದ್ದರೆ ಕನ್ನಡದಲ್ಲಿ ಬರೆದ ಹೆಸರನ್ನು ಅದು ಎಷ್ಟೋ ಸಲ ಗುರುತಿಸುವುದಿಲ್ಲ. ಹಾಗೆಂದು ಇಡೀ ಪಟ್ಟಿಯನ್ನು ಇಂಗ್ಲಿಷಿಗೆ ತಿರುಗಿಸಬೇಕಾಗಿಲ್ಲ. ಪ್ರಯಾಣದಲ್ಲಿ ನಿಜವಾಗಿ ಬೇಕಾಗುವವರು ಆರೇಳು ಜನ: ಮನೆಯವರು, ಮಕ್ಕಳ ಶಾಲೆ, ಆಫೀಸಿನ ಒಬ್ಬಿಬ್ಬರು, ಮೆಕ್ಯಾನಿಕ್. ಇವರನ್ನು ಕಾರಿನ ಫೇವರಿಟ್ ಪಟ್ಟಿಗೆ ಸೇರಿಸಿಡಿ. ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿಯೂ ಐಫೋನಿನಲ್ಲಿಯೂ ಹೆಸರಿನ ಉಚ್ಚಾರಣೆಯನ್ನು ಪ್ರತ್ಯೇಕವಾಗಿ ಬರೆಯುವ ಜಾಗವಿದೆ, ಅದನ್ನೂ ಬಳಸಿ ನೋಡಿ. ಒಂದೇ ಹೆಸರಿನ ನಾಲ್ಕು ಮಂಜುನಾಥರಿದ್ದರೆ ಸಹಾಯಕವು ಯಾವ ಮಂಜುನಾಥ ಎಂದು ಮರುಪ್ರಶ್ನೆ ಹಾಕುತ್ತದೆ, ಆದ್ದರಿಂದ ಗ್ಯಾಸ್ ಮಂಜುನಾಥ, ಶಿರಸಿ ಮಂಜುನಾಥ ಎಂದು ಬೇರ್ಪಡಿಸಿಡುವುದು ಒಳಿತು.

ಸ್ಟೀರಿಂಗ್ ಮೇಲಿನ ಗುಂಡಿಗಳನ್ನು ನೋಡದೆ ಒತ್ತಲು ಬರುವಷ್ಟು ಅಭ್ಯಾಸ ನಿಂತ ಗಾಡಿಯಲ್ಲೇ ಆಗಬೇಕು. ಹಸಿರು ಫೋನ್ ಗುರುತು ಕರೆ ಎತ್ತುವುದಕ್ಕೆ, ಕೆಂಪು ಇಡುವುದಕ್ಕೆ. ಬಾಯಿಂದ ಅಲೆ ಹೊರಡುವ ಗುರುತಿನದು ಧ್ವನಿ ಸಹಾಯಕದ ಗುಂಡಿ. ಅನೇಕ ಕಾರುಗಳಲ್ಲಿ ಅದನ್ನು ಒಮ್ಮೆ ಒತ್ತಿದರೆ ಕಾರಿನದೇ ಆದ ಸಹಾಯಕ ಏಳುತ್ತದೆ, ಒತ್ತಿ ಹಿಡಿದರೆ ಮೊಬೈಲಿನದು ಏಳುತ್ತದೆ. ಎರಡೂ ಮಾಡಿ ನೋಡಿ ನಿಮ್ಮ ಗಾಡಿಯ ರೀತಿ ತಿಳಿದುಕೊಳ್ಳಿ.

ಧ್ವನಿಯ ಮಟ್ಟ ಹಾಡಿಗೆ ಬೇರೆ, ಕರೆಗೆ ಬೇರೆ, ದಾರಿ ಹೇಳುವ ದನಿಗೆ ಬೇರೆ. ಹಾಡಿನ ವಾಲ್ಯೂಮ್ ಎಷ್ಟು ಏರಿಸಿದರೂ ಕರೆಯ ದನಿ ಏರುವುದಿಲ್ಲ. ಕರೆ ನಡೆಯುತ್ತಿರುವಾಗ ಗುಂಡಿ ತಿರುಗಿಸಿದರೆ ಮಾತ್ರ ಕರೆಯ ಮಟ್ಟ ಬದಲಾಗುತ್ತದೆ. ನಿಂತಲ್ಲಿಂದಲೇ ಮನೆಯವರಿಗೆ ಒಂದು ಕರೆ ಮಾಡಿ, ನಿಮಗೆ ಕೇಳುವುದು ಹಾಗಿರಲಿ, ಅವರಿಗೆ ಹೇಗೆ ಕೇಳುತ್ತಿದೆ ಎಂದು ವಿಚಾರಿಸಿ. ಕಾರಿನ ಮೈಕ್ ಸಾಮಾನ್ಯವಾಗಿ ಚಾವಣಿಯಲ್ಲಿ, ಒಳದೀಪದ ಪಕ್ಕದ ಸಣ್ಣ ಜಾಲರಿಯೊಳಗೆ ಇರುತ್ತದೆ. ಎಸಿಯ ಮುಂಭಾಗದ ಕಿಂಡಿಗಳು ಮೇಲ್ಮುಖವಾಗಿದ್ದು ಬ್ಲೋವರ್ ಜೋರಾಗಿದ್ದರೆ ಗಾಳಿ ನೇರ ಅಲ್ಲಿಗೇ ಬಡಿದು ಆಚೆಯವರಿಗೆ ಬರೀ ಭರ್ರೆನ್ನುವ ಸದ್ದು ಕೇಳುತ್ತದೆ. ಕಿಂಡಿಯನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿ, ಕಿಟಕಿ ಏರಿಸಿದರೆ ಮುಕ್ಕಾಲುಪಾಲು ದೂರು ಅಲ್ಲಿಗೆ ಮುಗಿಯುತ್ತದೆ. ಆಚೆಯವರಿಗೆ ತಮ್ಮ ಮಾತೇ ಮರಳಿ ಕೇಳುತ್ತಿದ್ದರೆ ಕಾರಿನ ಸ್ಪೀಕರಿನ ದನಿ ಹೆಚ್ಚಾಗಿದೆ ಎಂದರ್ಥ. ಎರಡು ಹಂತ ಇಳಿಸಿ.

ಗಾಡಿಯೊಳಗೆ ಬೇರೆಯವರು ಕುಳಿತಿರುವಾಗ ಎಲ್ಲ ಕರೆಯೂ ಎಲ್ಲರಿಗೂ ಕೇಳುತ್ತದೆ. ಆಸ್ಪತ್ರೆಯ ವರದಿ, ಬ್ಯಾಂಕಿನ ವಿಚಾರ ಸ್ಪೀಕರಿನಲ್ಲಿ ಬರುವುದು ಯಾರಿಗೂ ಹಿತವಲ್ಲ. ಕರೆ ಎತ್ತಿದೊಡನೆ ಗಾಡಿಯಲ್ಲಿ ಜೊತೆಗೆ ಜನ ಇದ್ದಾರೆಂದು ಹೇಳಿಬಿಡುವುದು ಮರ್ಯಾದೆ. ಸಂದೇಶ ಬಂದಾಗ ಅದರ ಸಾಲುಗಳು ಪರದೆಯ ಮೇಲೆ ಮೂಡದಂತೆ ಆಂಡ್ರಾಯ್ಡ್ ಆಟೋದ ಸೆಟ್ಟಿಂಗ್ಸ್‌ನಲ್ಲಿ ತಡೆಯಬಹುದು.

ದಾರಿ ಕೇಳುವುದು

ಹೋಗಬೇಕಾದ ಸ್ಥಳವನ್ನು ಗಾಡಿ ಹೊರಡುವ ಮೊದಲೇ ಹಾಕಿಕೊಳ್ಳಬೇಕು; ನಡುದಾರಿಯಲ್ಲಿ ಅಕ್ಷರ ಒತ್ತುವುದಕ್ಕಿಂತ ಅಪಾಯದ ಕೆಲಸ ಕಾರಿನಲ್ಲಿ ಇನ್ನೊಂದಿಲ್ಲ. ಗೂಗಲ್ ಮ್ಯಾಪ್ಸ್ 2018ರಿಂದ ಕನ್ನಡದಲ್ಲಿಯೂ ದಾರಿ ಹೇಳುತ್ತದೆ. ಮೊಬೈಲಿನಲ್ಲಿ ಮ್ಯಾಪ್ಸ್ ತೆರೆದು, ಸೆಟ್ಟಿಂಗ್ಸ್‌ನ ನ್ಯಾವಿಗೇಷನ್ ವಿಭಾಗದಲ್ಲಿ ಧ್ವನಿಯ ಭಾಷೆಯಾಗಿ ಕನ್ನಡವನ್ನು ಆರಿಸಿದರೆ ಸಾಕು. ಮನೆಯ ಹಿರಿಯರು ಗಾಡಿ ಓಡಿಸುವವರಾಗಿದ್ದರೆ ಇದನ್ನು ಖಂಡಿತ ಮಾಡಿಕೊಡಿ. ಮುಂದಿನ ತಿರುವನ್ನು ತಮ್ಮ ಭಾಷೆಯಲ್ಲಿ ಕೇಳುವವರು ಪರದೆಯ ಕಡೆ ತಿರುಗಿ ನೋಡುವುದು ಕಡಿಮೆಯಾಗುತ್ತದೆ.

ಘಟ್ಟ ಇಳಿಯುವವರು ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು. ಸಕಲೇಶಪುರದ ಆಚೆ ಶಿರಾಡಿಯಲ್ಲಿ, ಕೊಟ್ಟಿಗೆಹಾರದ ಕೆಳಗೆ ಚಾರ್ಮಾಡಿಯಲ್ಲಿ, ಆಗುಂಬೆಯ ತಿರುವುಗಳಲ್ಲಿ ಸಿಗ್ನಲ್ ಬಂದು ಹೋಗಿ ಮಾಡುತ್ತದೆ. ಅಂಥ ಕಡೆ ದಾರಿ ತಪ್ಪಿ ಹೊಸದಾಗಿ ಹುಡುಕಲು ಹೋದರೆ ಪರದೆ ಸುಮ್ಮನೆ ಸುತ್ತುತ್ತಿರುತ್ತದೆ. ಮ್ಯಾಪ್ಸ್‌ನಲ್ಲಿ ನಿಮ್ಮ ಚಿತ್ರದ ಗುರುತನ್ನು ಒತ್ತಿ ಆಫ್‌ಲೈನ್ ಮ್ಯಾಪ್ಸ್‌ಗೆ ಹೋಗಿ, ಬೇಕಾದ ಪ್ರದೇಶವನ್ನು ಚೌಕದೊಳಗೆ ಹಿಡಿದು ಮನೆಯ ವೈಫೈಯಲ್ಲಿ ಇಳಿಸಿಕೊಂಡರೆ, ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಆಧಾರದಲ್ಲಿ ದಾರಿ ಸಿಗುತ್ತದೆ.

ಕೈಕೊಟ್ಟಾಗ

ನಿನ್ನೆಯವರೆಗೆ ಸರಿಯಿದ್ದದ್ದು ಇಂದು ಜೋಡಣೆಯಾಗುತ್ತಿಲ್ಲವೆಂದರೆ, ಮೊದಲು ಮೊಬೈಲನ್ನು ಆರಿಸಿ ಮತ್ತೆ ಹಚ್ಚಿ. ಅದಕ್ಕೂ ಬಗ್ಗದಿದ್ದರೆ ಮೊಬೈಲಿನ ಪಟ್ಟಿಯಿಂದ ಕಾರನ್ನೂ, ಕಾರಿನ ಪಟ್ಟಿಯಿಂದ ಮೊಬೈಲನ್ನೂ ಅಳಿಸಿ ಹೊಸದಾಗಿ ಜೋಡಿಸಿ. ಒಂದು ಕಡೆ ಮಾತ್ರ ಅಳಿಸಿದರೆ ಹಳೆಯ ಗುರುತು ಮತ್ತೊಂದು ಕಡೆ ಉಳಿದು ಜಗಳ ಮುಂದುವರಿಯುತ್ತದೆ. ಕಾರಿನ ಪಟ್ಟಿ ತುಂಬಿದ್ದರೆ ಹೊಸ ಮೊಬೈಲಿಗೆ ಜಾಗವೇ ಇರುವುದಿಲ್ಲ. ಹಳೆಯ ಮೊಬೈಲುಗಳ, ಬಂದುಹೋದ ನೆಂಟರ ಹೆಸರುಗಳನ್ನು ತೆಗೆದುಹಾಕಿ.

ಗಾಡಿ ರಸ್ತೆಯ ಗುಂಡಿಗೆ ಇಳಿದಾಗಲೆಲ್ಲ ಕೇಬಲ್ ಸಂಪರ್ಕ ಕಡಿಯುತ್ತಿದ್ದರೆ ದೋಷ ಕಾರಿನಲ್ಲಿದೆ ಎಂದು ಸರ್ವಿಸ್ ಸೆಂಟರಿಗೆ ಓಡುವ ಮೊದಲು ಮೊಬೈಲಿನ ಚಾರ್ಜಿಂಗ್ ಕಿಂಡಿಯೊಳಗೆ ಬೆಳಕು ಬಿಟ್ಟು ನೋಡಿ. ಜೇಬಿನ ನೂಲು, ಧೂಳು ಅಲ್ಲಿ ಒತ್ತೊತ್ತಿ ಕೂತು ಕೇಬಲ್ಲಿನ ತುದಿ ಪೂರ್ತಿ ಒಳಗೆ ಹೋಗದಂತೆ ಮಾಡಿರುತ್ತದೆ. ಮೊಬೈಲ್ ಆರಿಸಿ, ಮರದ ಹಲ್ಲುಕಡ್ಡಿಯ ತುದಿಯಿಂದ ಮೆಲ್ಲನೆ ಕೆದಕಿದರೆ ಬೂದು ಬಣ್ಣದ ಉಂಡೆಯೇ ಹೊರಬರುವುದುಂಟು. ಪಿನ್ನು, ಸೂಜಿ ಬಳಸಬಾರದು.

ಪರದೆಯೇ ಇಲ್ಲದ ಹಳೆಯ ಕಾರಿನವರು ಸ್ಟೀರಿಯೋದ ಆಕ್ಸ್ ಕಿಂಡಿಗೆ (ಹೊರಗಿನ ಸಾಧನದ ಧ್ವನಿ ಒಳಬಿಡುವ ದುಂಡನೆಯ ಕಿಂಡಿ) ಸಿಕ್ಕಿಸುವ, ಮೈಕ್ ಇರುವ ಬ್ಲೂಟೂತ್ ರಿಸೀವರ್ ಒಂದನ್ನು ಕೊಂಡರೆ ಕರೆಯ ಮಟ್ಟಿಗೆ ಸಾಕಾಗುತ್ತದೆ.

ಮಾತಿಗೂ ಮಿತಿ ಬೇಕು

ಕೈ ಖಾಲಿ ಇದ್ದ ಮಾತ್ರಕ್ಕೆ ಗಮನ ರಸ್ತೆಯ ಮೇಲಿದೆ ಎಂದಾಗುವುದಿಲ್ಲ. ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸ್ಟ್ರೇಯರ್ ಮತ್ತು ಸಂಗಡಿಗರು ಚಾಲನಾ ಸಿಮ್ಯುಲೇಟರ್‌ನಲ್ಲಿ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಫೋನನ್ನು ಕೈಯಲ್ಲಿ ಹಿಡಿದು ಮಾತನಾಡಿದವರಿಗೂ ಹ್ಯಾಂಡ್ಸ್ ಫ್ರೀಯಲ್ಲಿ ಮಾತನಾಡಿದವರಿಗೂ ಚಾಲನೆಯ ಗುಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಫೋನ್ ಬಳಸುವ ಚಾಲಕರು ಅಪಘಾತಕ್ಕೆ ಸಿಲುಕುವ ಸಂಭವ ಸುಮಾರು ನಾಲ್ಕು ಪಟ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಹ್ಯಾಂಡ್ಸ್ ಫ್ರೀ ಹೆಚ್ಚೇನೂ ಸುರಕ್ಷಿತವಲ್ಲ ಎಂದೂ ಎಚ್ಚರಿಸುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದ ಗಾಡಿ ಒಂದು ಸೆಕೆಂಡಿನಲ್ಲಿ 22 ಮೀಟರ್ ಮುಂದೆ ಹೋಗಿರುತ್ತದೆ. ಮಾತಿನಲ್ಲಿ ಮನಸ್ಸು ಸಿಕ್ಕಿಕೊಂಡ ಎರಡು ಸೆಕೆಂಡಿನಲ್ಲಿ ಎಮ್ಮೆಯೊಂದು ರಸ್ತೆಗೆ ಬರಲು ಸಾಕಷ್ಟು ಸಮಯವಿದೆ.

ಆದ್ದರಿಂದ ಈ ಸೌಲಭ್ಯವನ್ನು ಚುಟುಕು ಮಾತಿಗೆ ಮೀಸಲಿಡಿ. "ಗಾಡಿ ಓಡಿಸ್ತಾ ಇದೀನಿ, ತಲುಪಿ ಮಾಡ್ತೀನಿ" ಎಂದು ಹೇಳಿ ಇಡುವುದಕ್ಕೆ ಇದು ಅತ್ಯುತ್ತಮ ಸಾಧನ. ವ್ಯವಹಾರದ ಚರ್ಚೆ, ಮನೆಯ ವಾದವಿವಾದ, ಆಫೀಸಿನ ಮೀಟಿಂಗ್ ಇವನ್ನು ಗಾಡಿ ಬದಿಗೆ ನಿಲ್ಲಿಸಿಯೇ ಮಾತನಾಡಬೇಕು. ಐಫೋನಿನಲ್ಲಿ ಡ್ರೈವಿಂಗ್ ಫೋಕಸ್ ಹಾಕಿದರೆ ಸಂದೇಶ ಕಳಿಸಿದವರಿಗೆ ನೀವು ಚಾಲನೆಯಲ್ಲಿರುವಿರೆಂಬ ಉತ್ತರ ತಾನಾಗಿ ಹೋಗುವಂತೆ ಮಾಡಬಹುದು.

ಕಾರು ಕೈಬದಲಾಗುವಾಗ

ಕಾರು ಮಾರುವವರು ಆರ್‌ಸಿ, ವಿಮೆ ಎಲ್ಲ ನೋಡುತ್ತಾರೆ, ಪರದೆಯೊಳಗೆ ಉಳಿದ ಮಾಹಿತಿಯನ್ನು ಮರೆಯುತ್ತಾರೆ. ನಿಮ್ಮ ಬಂಧುಬಳಗದ ಫೋನ್ ನಂಬರುಗಳು, ಇತ್ತೀಚಿನ ಕರೆಗಳ ಪಟ್ಟಿ, ಕಾರಿನದೇ ನ್ಯಾವಿಗೇಷನ್ ಇದ್ದರೆ ಮನೆಯ ವಿಳಾಸ, ಇಷ್ಟೂ ಅಲ್ಲಿರಬಹುದು. ಮೊಬೈಲನ್ನು ಪಟ್ಟಿಯಿಂದ ತೆಗೆದರಷ್ಟೇ ಸಾಲದು. ಸೆಟ್ಟಿಂಗ್ಸ್‌ನಲ್ಲಿ ಫ್ಯಾಕ್ಟರಿ ರೀಸೆಟ್ ಕೊಟ್ಟು, ಪರದೆ ಮತ್ತೆ ಮೊದಲ ದಿನದ ಹಾಗೆ ಭಾಷೆ ಕೇಳುವವರೆಗೆ ಕಾದು, ಆಮೇಲೆ ಕೀಲಿ ಒಪ್ಪಿಸಿ. ಕಾರು ತಯಾರಕರ ಆ್ಯಪ್‌ನಲ್ಲಿ ನಿಮ್ಮ ಖಾತೆಗೆ ಆ ಕಾರು ಸೇರಿಕೊಂಡಿದ್ದರೆ ಅದನ್ನೂ ಬಿಡಿಸಬೇಕು. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರೂ ಮೊದಲ ದಿನವೇ ಇದೇ ರೀಸೆಟ್ ಮಾಡಿ, ನಂತರ ತಮ್ಮ ಮೊಬೈಲ್ ಜೋಡಿಸಿಕೊಳ್ಳಲಿ.